ಕೇಳಿಸಿಕೊಂಡವನು ಉತ್ತರ ಕೊಡಬೇಕು

ಫೆಬ್ರವರಿ 3

ತಮ್ಮಾ,

ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ. ಚೆನ್ನಾಗಿಲ್ಲ ಎಂದು ಬರೆದರೆ ಹೊಸ ಕೆಲಸ ಬಿಟ್ಟು ಓಡಿ ಬರುತ್ತೀಯ. ಆದ್ದರಿಂದ ಆ ವಿಷಯ ಇಲ್ಲಿಗೇ ಬಿಟ್ಟೆ. ನಿನ್ನ ಕ್ಯಾಂಪಿನಲ್ಲಿ ಫೋನು ಹಿಡಿಯುವುದಿಲ್ಲ ಎಂದು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ಫೋನಿನಲ್ಲಿ ನೀನು ‘ಹ್ಞೂಂ, ಹ್ಞೂಂ’ ಬಿಟ್ಟು ಬೇರೆ ಮಾತಾಡಿದವನಲ್ಲ. ಕಾಗದದಲ್ಲಿ ಬರೀ ಹ್ಞೂಂ ಬರೆದು ಕಳಿಸಲು ನಿನಗೂ ನಾಚಿಕೆಯಾದೀತು.

ಸೋಮ, ಬುಧ, ಶುಕ್ರ ಆಸ್ಪತ್ರೆಯ ಅದೇ ಕುರ್ಚಿ. ರಕ್ತ ಆಚೆ ಹೋಗಿ, ಯಂತ್ರದಲ್ಲಿ ತೊಳೆಸಿಕೊಂಡು ವಾಪಸ್ಸು ಬರುವವರೆಗೆ ಅಲ್ಲಾಡುವಂತಿಲ್ಲ. ಪಕ್ಕದ ಕುರ್ಚಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. "ನೀವೇನ್ ಕೆಲಸ ಮಾಡ್ತಿದ್ರಿ ತಾಯಿ?" ಎಂದು ಕೇಳಿದರು. "ಮರ ಕಡಿಯೋ ಕಂಪನಿಯ ಜೀಪು ಓಡಿಸ್ತಿದ್ದೆ. ಹೋಗುವಾಗ ಕಾಡಿನ ಕೆಲಸಗಾರರಿಗೆ ಊಟ, ಬರುವಾಗ ಕೈಕಾಲು ಮುರ್ಕೊಂಡವರು" ಎಂದೆ. ನಂಬಲಿಲ್ಲ. ಹಾರ್ನಿನ ನಿಯಮ ವಿವರಿಸಿದ ಮೇಲೆ ನಂಬಿದರು.

ದಿಮ್ಮಿ ಲಾರಿಗಳ ರಸ್ತೆಯಲ್ಲಿ ಎದುರು ಕಾಣದ ತಿರುವು ಬಂದಾಗ, ಹತ್ತುವವನು ಎರಡು ಚಿಕ್ಕ ಹಾರ್ನ್ ಹೊಡೆಯಬೇಕು. ಮೇಲಿನಿಂದ ಹೇರು ಹೊತ್ತು ಲಾರಿ ಇಳಿಯುತ್ತಿದ್ದರೆ ಒಂದು ಉದ್ದ ಹಾರ್ನ್ ಬರುತ್ತದೆ, ನಿಲ್ಲು ಎಂದು. ಅಲ್ಲಿ ಯಾರಾದರೂ ಸುಮ್ಮನೆ ನಿಂತಿದ್ದರೆ ಎರಡು ಚಿಕ್ಕದು, ಬಾ ಎಂದು. ಕೇಳಿಸಿಕೊಂಡವನು ಊಟಕ್ಕೆ ಕೂತಿದ್ದರೂ ಎದ್ದು ಉತ್ತರ ಕೊಡಬೇಕು. ಉತ್ತರ ಬರಲಿಲ್ಲವೆಂದರೆ ಮುಂದೆ ಯಾರೂ ಇಲ್ಲ. ನಾನು ಮನೆ ಮುಂದೆ ಹಾರ್ನ್ ಹೊಡೆದರೆ ನೀನು ಒಳಗಿಂದ ತಟ್ಟೆ ಬಡಿಯುತ್ತಿದ್ದುದನ್ನೂ ಹೇಳಿದೆ. ಈಗ ಯಂತ್ರ ಎರಡು ಸಲ ಕುಂಯ್‌ಗುಟ್ಟಿದರೆ ಸಾಕು, ಮೇಷ್ಟ್ರು ಚಮಚದಿಂದ ಲೋಟ ಬಡಿಯುತ್ತಾರೆ. ದೊಡ್ಡ ಸಿಸ್ಟರ್ ಇಬ್ಬರಿಗೂ ಸೇರಿಸಿ ಬೈಯುತ್ತಾರೆ.

ಕಂಪನಿ ಮುಚ್ಚಿ ಇಷ್ಟು ವರ್ಷವಾದ ಮೇಲೆ ಆ ರಸ್ತೆಗಳ ಕಡೆ ಯಾರೋ ತಿರುಗಿ ನೋಡಿದರಲ್ಲ, ಅದೂ ನನ್ನ ತಮ್ಮನ ಕೈಯಿಂದ ರಿಪೇರಿ ಮಾಡಿಸುತ್ತಿದ್ದಾರಲ್ಲ. ಒಂದೊಂದೇ ರಸ್ತೆಯ ಬಗ್ಗೆ ಬರೆ. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಓಡಿಸುತ್ತೇನೆ. ಹದಿನಾಲ್ಕನೇ ರಸ್ತೆಯನ್ನು ಮಾತ್ರ ಕೊನೆಗಿಡು. ನಾವಿಬ್ಬರೂ ಭಾನುವಾರಗಳಲ್ಲಿ ಎಷ್ಟು ಸಲ ಹೋಗಿ ಅರ್ಧಕ್ಕೇ ತಿರುಗಿ ಬಂದಿಲ್ಲ, ಒಮ್ಮೆ ಬಿದ್ದ ಮರ, ಒಮ್ಮೆ ಕೆಸರು, ಒಮ್ಮೆ ನಿನ್ನ ಹಲ್ಲುನೋವು. ಅದು ಗುಡ್ಡದ ನೆತ್ತಿ ಮುಟ್ಟುತ್ತದಂತೆ, ಅಲ್ಲಿಂದ ಎರಡೂ ಕಡೆಯ ಇಳಿಜಾರು ಕಾಣುತ್ತದಂತೆ. ಬೇಸಿಗೆಯಲ್ಲಿ ಎಮ್ಮೆಯನ್ನು ಹೊರಡಿಸೋಣ. ಕಂಪನಿ ಮುಚ್ಚಿದಾಗ ನಾನು ಕೊಂಡ ಜೀಪಿಗೆ ನೀನಿಟ್ಟ ಹೆಸರು ಸರಿಯಾಗೇ ಇದೆ, ಇಲ್ಲಿ ಗಲ್ಲಿಯಲ್ಲಿ ಟಾರ್ಪಾಲು ಹೊದ್ದು ಎಮ್ಮೆಯಂತೆಯೇ ಮಲಗಿದೆ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡುತ್ತೇನೆ. ಅಂದು ಹಳ್ಳಕ್ಕೆ ಬಿದ್ದು ಕೆಟ್ಟ ಹಾರ್ನ್ ಇನ್ನೂ ಹಾಗೇ ನೆಗಡಿಯಾದಂತೆ ಕೂಗುತ್ತದೆ.

ನಿಮ್ಮ ಕ್ಯಾಂಪಿನ ರೇಷನ್ ಗಾಡಿಯವನ ಕೈಯಲ್ಲಿ ಕೆಂಪು ಸ್ವೆಟರ್ ಕಳಿಸಿದ್ದೇನೆ. ಎಡತೋಳು ಉದ್ದವಾಗಿದೆ. ನನ್ನದೇ ತಪ್ಪು. ಆದರೂ ಅಳತೆ ಕೊಡುವಾಗ ನೀನು ನೆಟ್ಟಗೆ ನಿಲ್ಲಲಿಲ್ಲ ಎಂದೇ ನನ್ನ ವಾದ.

ನಿನ್ನ ಅಕ್ಕ

ಫೆಬ್ರವರಿ 19

ಅಕ್ಕಾ,

ಸ್ವೆಟರ್ ಸಿಕ್ಕಿತು. ಎಡತೋಳನ್ನು ಎರಡು ಮಡಿಕೆ ಮಡಿಸಿದರೆ ಸರಿಯಾಗುತ್ತದೆ. ಇಲ್ಲಿ ಎಲ್ಲರೂ ಹೊಟ್ಟೆಕಿಚ್ಚು ಪಡುತ್ತಿದ್ದಾರೆ.

ಆರನೇ ರಸ್ತೆಗೆ ಹೋಗಿದ್ದೆ. ನೀನು ಚಹಾ ಚೆಲ್ಲಿದ ತಿರುವು ಎಂದು ಹೆಸರಿಟ್ಟಿದ್ದೆಯಲ್ಲ, ಅಲ್ಲಿ ಈಗ ರಸ್ತೆಯ ನಡುವೆಯೇ ಸೊಂಟದೆತ್ತರ ಹುಲ್ಲು. ಲಾರಿಯ ಚಕ್ರ ಕೊರೆದ ಎರಡು ಗಾಡಿಜಾಡು ಮಾತ್ರ ಗಟ್ಟಿಯಾಗಿದೆ. ದಿಮ್ಮಿ ಸೇತುವೆಯ ಒಂದು ಮರ ಕುಸಿದಿದೆ, ಎಡಕ್ಕೆ ಒತ್ತಿಕೊಂಡು ಹೋದರೆ ದಾಟಬಹುದು. ಹಳೆಯ ಊಟದ ಶೆಡ್ಡಿನ ತಗಡು ಹಾರಿಹೋಗಿದೆ, ಬೆಂಚು ಇದೆ. ಅದರ ಮೇಲೆ ಕೂತು ಬ್ರೆಡ್ಡು ತಿಂದೆ.

ಕೆಲಸ ನಡೆಯುತ್ತಿದೆ. ಮಣ್ಣು ಅಗೆಯುವ ಯಂತ್ರ ಈಗ ಕೈಗೆ ಒಗ್ಗಿದೆ. ಒಂದೊಂದೇ ರಸ್ತೆ ಮುಗಿಸುತ್ತಾ ಬರುತ್ತಿದ್ದೇವೆ.

ಡಾಕ್ಟರು ಏನೆಂದರು? ಬೇಸಿಗೆಯ ಮಾತು ಬೇಸಿಗೆಗೆ ಆಡೋಣ. ನೀನು ನೀರು ಅಳತೆ ಮೀರಿ ಕುಡಿಯಬೇಡ.

ತಮ್ಮ

ಮಾರ್ಚ್ 8

ತಮ್ಮಾ,

ರೇಷನ್ ಗಾಡಿಯವನು ನಿನ್ನೆ ಬಂದಿದ್ದ. ಅವನಿಗೆ ರೇಡಿಯೋ ಎಂದು ಹೆಸರಿಟ್ಟವರು ಯಾರೋ, ಅವರಿಗೆ ಕೈಮುಗಿಯಬೇಕು. ಕೂತು ಎರಡು ಲೋಟ ಚಹಾ ಕುಡಿದ. "ನಿಮ್ಮ ತಮ್ಮನ ಕೈ ಅಂದ್ರೆ ಕೈ ಅಕ್ಕಾ. ಅವನು ಕಿತ್ತ ರಸ್ತೆ ಮೇಲೆ ಮೇಕೆ ಕೂಡ ನಡೆಯೋಕಾಗಲ್ಲ" ಎಂದ. ನಾನು ನಗುತ್ತಾ ಕೂತಿದ್ದೆ, ರಿಪೇರಿಗೆ ಮೊದಲು ಕೀಳುತ್ತಾರೇನೋ ಎಂದುಕೊಂಡು. ಅವನೇ ಬಿಡಿಸಿ ಹೇಳಿದ. ಮೋರಿಗಳನ್ನು ಕಿತ್ತು ತೆಗೆಯುವುದು, ಅಡ್ಡಕ್ಕೆ ಆಳೆತ್ತರದ ಕಂದಕ ತೋಡುವುದು, ಮೇಲೆ ಸಸಿ ನೆಡುವುದು, ಆಮೇಲೆ ಯಾವ ಗಾಡಿಯೂ ಬರಬಾರದು.

ನೀನು ರಸ್ತೆ ‘ಮುಗಿಸುತ್ತಾ ಬರುತ್ತಿದ್ದೇವೆ’ ಎಂದು ಬರೆದದ್ದು ಆಗ ಅರ್ಥವಾಯಿತು. ಆರನೇ ರಸ್ತೆಯ ಬೆಂಚಿನ ಮೇಲೆ ಕೂತು ಬ್ರೆಡ್ಡು ತಿಂದು, ಎದ್ದು, ಯಂತ್ರ ಹತ್ತಿದೆಯಲ್ಲವೇ? ನಾನು ಎರಡು ವಾರ ಆ ರಸ್ತೆಯಲ್ಲಿ ಓಡಾಡಿದೆ ಕಣೋ. ಕುಸಿದ ಮರ ಇದೆ ಎಂದು ಪ್ರತಿ ಸಲವೂ ಎಡಕ್ಕೆ ಒತ್ತಿಕೊಂಡೇ ದಾಟಿದೆ. ಮೇಷ್ಟ್ರಿಗೂ ಹಾಗೇ ದಾಟಲು ಹೇಳಿಕೊಟ್ಟಿದ್ದೆ. ಇಲ್ಲದ ಸೇತುವೆಯ ಮೇಲೆ ಇಬ್ಬರು ರೋಗಿಗಳು.

ನನಗೆ ಸಿಟ್ಟು ಬಂದಿದೆ. ಬೇರೆ ಯಾರಾದರೂ ಕಿತ್ತಿದ್ದರೆ ಇಷ್ಟು ಬರುತ್ತಿರಲಿಲ್ಲ.

ಅಕ್ಕ

ಮಾರ್ಚ್ 22

ಅಕ್ಕಾ,

ತಪ್ಪಾಯಿತು. ಹೇಳಬೇಕು ಎಂದುಕೊಂಡೇ ಕಾಗದ ಶುರುಮಾಡಿದೆ, ಆ ತಿರುವು ಬಂದ ಕೂಡಲೇ ನಿನ್ನ ಮುಖ ನೆನಪಾಗಿ ಜಾರಿಕೊಂಡೆ.

ಆದರೆ ಇಲ್ಲಿಯ ಸಾಹೇಬರು ಹೇಳುವುದರಲ್ಲಿ ಸುಳ್ಳಿಲ್ಲ. ಪ್ರತಿ ಮಳೆಗೂ ಆ ಹಳೆಯ ರಸ್ತೆಗಳೇ ಕಾಲುವೆಗಳಾಗಿ ಗುಡ್ಡದ ಮಣ್ಣನ್ನೆಲ್ಲ ಹೊಳೆಗೆ ತಳ್ಳುತ್ತಿವೆ. ಕೆಳಗಿನವರು ಕುಡಿಯುವ ನೀರು ಕೆಂಪಗಾಗುತ್ತದೆ. ಕಳ್ಳ ದಿಮ್ಮಿಯೂ ಇದೇ ದಾರಿಯಲ್ಲಿ ಇಳಿಯುತ್ತದೆ. ಮುಚ್ಚಬೇಕಾದದ್ದು ಹೌದು. ಮುಚ್ಚುವವನು ನಾನಾಗಬೇಕಿರಲಿಲ್ಲ, ಅಷ್ಟೆ. ಆದರೆ ಈ ಭಾಗದಲ್ಲಿ ನನಗೆ ಕೊಡುವ ಕೆಲಸ ಬೇರೆ ಯಾವುದಿದೆ ಹೇಳು.

ಒಂದು ಮಾತು. ಸಾಹೇಬರ ನಕ್ಷೆಯಲ್ಲಿ ಮುಚ್ಚುವ ರಸ್ತೆಗಳಿಗೆ ಕೆಂಪು ಗೆರೆ ಎಳೆದಿದ್ದಾರೆ. ಹದಿನಾಲ್ಕಕ್ಕೆ ಇಲ್ಲ. ಅದು ಬಂಡೆಯ ಮೇಲಿನ ರಸ್ತೆ, ಮಣ್ಣು ಹೋಗುವುದಿಲ್ಲ. ಎರಡು ಸಲ ನೋಡಿದೆ. ನಮ್ಮ ಕ್ಯಾಂಪ್ ಗುಡ್ಡದ ಆಚೆ ಬದಿಗಿದೆ, ಇಲ್ಲಿಗೆ ಬೇರೆ ರಸ್ತೆ. ಆದರೆ ನೆತ್ತಿಯವರೆಗೆ ನಡೆದರೆ ಹದಿನಾಲ್ಕರ ಕೊನೆ ಸಿಗುತ್ತದೆ. ನಾನು ಅದನ್ನು ಮುಟ್ಟುವುದಿಲ್ಲ. ಇದು ಮಾತು.

ತಮ್ಮ

ಏಪ್ರಿಲ್ 2

ತಮ್ಮಾ,

ಸಿಟ್ಟು ಇಳಿದಿದೆ. ಹೊಳೆಯ ನೀರು ಕೆಂಪಗಾಗುವುದು ನನಗೆ ಗೊತ್ತಿಲ್ಲದ್ದೇನಲ್ಲ, ಅದರಲ್ಲಿ ಎಮ್ಮೆಯನ್ನು ತೊಳೆದು ಇನ್ನಷ್ಟು ಕೆಂಪು ಮಾಡಿದವಳೇ ನಾನು. ಎಲ್ಲ ಮುಚ್ಚಿಕೋ. ಹದಿನಾಲ್ಕು ಬಿಟ್ಟಿದ್ದೀಯಲ್ಲ, ಸಾಕು.

ಪಕ್ಕದ ಕುರ್ಚಿ ಖಾಲಿಯಾಯಿತು. ಬುಧವಾರ ಯಂತ್ರ ಎರಡು ಸಲ ಕುಂಯ್‌ಗುಟ್ಟಿತು, ಯಾರೂ ಲೋಟ ಬಡಿಯಲಿಲ್ಲ. ನಾನು ಆ ಕಡೆ ತಿರುಗಿ ನೋಡಿದೆ. ಹೊಸ ಬೆಡ್‌ಶೀಟು ಹಾಸಿದ್ದರು. ದೊಡ್ಡ ಸಿಸ್ಟರ್ ಬಂದು ಗುಂಡಿ ಒತ್ತಿ, ನನ್ನ ಮುಖ ನೋಡದೆ ಹೋದರು. ಅವತ್ತು ಬೈದಿದ್ದರೂ ಚೆನ್ನಾಗಿರುತ್ತಿತ್ತು.

ಆದ್ದರಿಂದ ಬೇಸಿಗೆಯನ್ನು ಬೇಸಿಗೆಗೆ ಬಿಡುವುದು ಬೇಡ. ಹದಿನಾಲ್ಕನೇ ರಸ್ತೆ ಈಗ ಹೇಗಿದೆ, ನೋಡಿ ಬರೆ. ಮುಚ್ಚುಮರೆಯಿಲ್ಲದೆ ಬರೆ.

ಅಕ್ಕ

ಏಪ್ರಿಲ್ 16

ಅಕ್ಕಾ,

ಮೇಷ್ಟ್ರ ವಿಷಯ ಓದಿ ಬೇಜಾರಾಯಿತು.

ಹದಿನಾಲ್ಕಕ್ಕೆ ಹೋಗಿ ಬಂದೆ. ರಸ್ತೆ ಬಹಳ ಚೆನ್ನಾಗಿದೆ. ಕೆಳಗಿನ ಗೇಟು ಮುರಿದು ಬಿದ್ದಿದೆ, ಬೀಗದ ಗೊಡವೆಯಿಲ್ಲ. ಮೊದಲ ಏರಿನಲ್ಲಿ ಸಡಿಲ ಕಲ್ಲು, ಟೈರಿನ ಗಾಳಿ ಸ್ವಲ್ಪ ಇಳಿಸಿಕೊಂಡರೆ ಹಿಡಿತ ಸಿಗುತ್ತದೆ. ಬಿದ್ದಿದ್ದ ದೊಡ್ಡ ಮರವನ್ನು ಯಾರೋ ಕತ್ತರಿಸಿ ಬದಿಗೆ ತಳ್ಳಿದ್ದಾರೆ. ದಿಮ್ಮಿ ಸೇತುವೆ ಗಟ್ಟಿಮುಟ್ಟಾಗಿದೆ. ಅಲ್ಲಿಂದಾಚೆ ಬಂಡೆ, ಸಿಮೆಂಟು ಬಳಿದಂತಿದೆ. ಕೊನೆಯ ತಿರುವು ತಿರುಗಿದರೆ ನೆತ್ತಿ. ಒಂದು ಕಡೆ ಹೊಳೆ ಕಾಣುತ್ತದೆ, ಇನ್ನೊಂದು ಕಡೆ ನಮ್ಮ ಕ್ಯಾಂಪಿನ ತಗಡು. ಗಾಳಿ ಎಷ್ಟೆಂದರೆ ಸ್ವೆಟರ್ ಇಲ್ಲದೆ ನಿಲ್ಲಲಾಗುವುದಿಲ್ಲ.

ಆದರೆ ಅವಸರ ಬೇಡ. ಮಳೆಗಾಲ ಕಳೆಯಲಿ, ನಿನಗೂ ಸ್ವಲ್ಪ ಶಕ್ತಿ ಬರಲಿ. ರಸ್ತೆ ಎಲ್ಲಿಗೂ ಓಡಿಹೋಗುವುದಿಲ್ಲ.

ತಮ್ಮ

ಏಪ್ರಿಲ್ 28

ತಮ್ಮಾ,

ನಿನ್ನ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಇಷ್ಟು ಉದ್ದ ನೀನು ಜನ್ಮದಲ್ಲಿ ಬರೆದಿರಲಿಲ್ಲ.

ಮಳೆಗಾಲ ಕಳೆಯುವವರೆಗೆ ಕಾಯುವುದಿಲ್ಲ. ಮೇ 11, ಭಾನುವಾರ. ಶನಿವಾರ ಮಧ್ಯಾಹ್ನ ಹೊರಟು ಕೆಳಗಿನ ಪೇಟೆಯಲ್ಲಿ ರಾತ್ರಿ ಉಳಿಯುತ್ತೇನೆ, ಭಾನುವಾರ ಬೆಳಗ್ಗೆ ಗೇಟಿನ ಹತ್ತಿರ ಇರುತ್ತೇನೆ, ಸೋಮವಾರ ವಾಪಸ್ಸು ಕುರ್ಚಿಗೆ. ದೊಡ್ಡ ಸಿಸ್ಟರಿಗೆ ಹೇಳಿದೆ. "ನಿಮಗೇನು ತಲೆ ಕೆಟ್ಟಿದೆಯಾ?" ಎಂದರು. ಆಮೇಲೆ ನನ್ನ ಎಡಗೈಗೆ ಬಟ್ಟೆ ಸುತ್ತುವುದು ಹೇಗೆಂದು ತೋರಿಸಿದರು. ಸೂಜಿ ಚುಚ್ಚುವ ಕೈ ಅದು, ಸ್ಟೀರಿಂಗ್ ಜಗ್ಗಿದರೆ ಕೆಟ್ಟದ್ದಂತೆ. ಎಮ್ಮೆಗೆ ಬಲಗೈ ಒಂದೇ ಸಾಕು, ನನ್ನನ್ನು ಬಿಟ್ಟು ಬೇರೆಯವರ ಮಾತನ್ನು ಅದು ಯಾವತ್ತು ಕೇಳಿದೆ?

ನೀನು ಜೊತೆಗೆ ಬರಬೇಕಾಗಿಲ್ಲ. ನಿನ್ನ ಕಡೆಯಿಂದ ನೆತ್ತಿಗೆ ನಡೆದು ಬಾ. ಕೊನೆಯ ತಿರುವಿನಲ್ಲಿ ಎರಡು ಚಿಕ್ಕ ಹಾರ್ನ್ ಹೊಡೆಯುತ್ತೇನೆ. ಹಾರ್ನ್ ಇಲ್ಲದಿದ್ದರೆ ತಟ್ಟೆಯನ್ನಾದರೂ ತಂದು ಬಡಿ. ಇಬ್ಬರೂ ಅಲ್ಲಿ ಕೂತು ಒಂದು ಲೋಟ ಚಹಾ ಕುಡಿದರೆ ನನಗೆ ಇನ್ನೇನೂ ಬೇಡ. ಆಡಂಬರದ ಮಾತಲ್ಲ ಇದು, ನಿಜವಾಗಿಯೂ ಇನ್ನೇನೂ ಬೇಡ.

ರೇಡಿಯೋ ಶುಕ್ರವಾರ ಮೇಲೆ ಬರುತ್ತಾನೆ, ಅವನ ಕೈಯಲ್ಲೇ ಕೊಡುತ್ತಿದ್ದೇನೆ. ಏನಾದರೂ ತೊಂದರೆಯಿದ್ದರೆ ಅವನು ಮತ್ತೆ ಇಳಿಯುವಾಗ ಹೇಳಿ ಕಳಿಸು. ಏನೂ ಬರಲಿಲ್ಲವೆಂದರೆ ಹೊರಡುತ್ತೇನೆ.

ಅಕ್ಕ

ಮೇ 13

ಅಕ್ಕಾ,

ನಿನ್ನ ಕಾಗದ ನನಗೆ ಸಿಕ್ಕಿದ್ದು ನಿನ್ನೆ, ಸೋಮವಾರ. ರೇಡಿಯೋ ಅದನ್ನು ಗಾಡಿಯ ಸೀಟಿನಡಿ ಹಾಕಿ ಮರೆತಿದ್ದನಂತೆ. ಭಾನುವಾರ ನಾನು ಕ್ಯಾಂಪಿನಲ್ಲೇ ಇರಲಿಲ್ಲ. ಯಂತ್ರದ ಎಣ್ಣೆ ಪೈಪು ಒಡೆದಿತ್ತು, ಬೆಳಗ್ಗೆಯೇ ಪೇಟೆಗೆ ಇಳಿದಿದ್ದೆ. ಬಂದದ್ದು ಸಂಜೆ.

ನೀನು ಬಂದಿದ್ದೆಯಾ? ಬಂದಿರಲಿಕ್ಕಿಲ್ಲ. ಒಂದು ವೇಳೆ ಬಂದಿದ್ದರೆ ಕೊನೆಯ ತಿರುವಿನ ಹತ್ತಿರ ಕಂದಕ ನೋಡಿರುತ್ತೀಯ. ಅದು ನನ್ನ ಕೆಲಸವಲ್ಲ. ಬೇರೆ ತಂಡದವರು ಶನಿವಾರ ಬಂದು ಅಗೆದು ಹೋಗಿದ್ದಾರೆ, ನನಗೆ ಒಂದು ಮಾತೂ ಹೇಳದೆ. ಸಾಹೇಬರ ಜೊತೆ ಜಗಳವಾಡಿದೆ.

ನೀನು ಹೇಗಿದ್ದೀಯ, ಒಂದು ಸಾಲು ಬರೆ. ಒಂದೇ ಸಾಲು ಸಾಕು.

ತಮ್ಮ

ಮೇ 24

ತಮ್ಮಾ,

ಕೈ ಊದಿದೆ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಬಂದಿದ್ದೆ. ಗೇಟು ನೀನು ಬರೆದ ಹಾಗೇ ಮುರಿದು ಬಿದ್ದಿತ್ತು. ಟೈರಿನ ಗಾಳಿ ಇಳಿಸಿ, ಎಮ್ಮೆಯನ್ನು ನಾಲ್ಕೂ ಚಕ್ರಕ್ಕೆ ಹಾಕಿ, ಚಿಕ್ಕ ಗೇರಿನಲ್ಲಿ ನಡೆಯುವವರಿಗಿಂತ ನಿಧಾನವಾಗಿ ಹತ್ತಿದೆ. ಸಡಿಲ ಕಲ್ಲಿನ ಏರಿನಲ್ಲಿ ಹಿಂದಕ್ಕೆ ಜಾರಿದಾಗ ಎಡಗೈ ತಾನಾಗಿಯೇ ಸ್ಟೀರಿಂಗ್ ಹಿಡಿದುಬಿಟ್ಟಿತು, ದೊಡ್ಡ ಸಿಸ್ಟರ್ ನೋಡಿದ್ದರೆ ಕೆನ್ನೆಗೆ ಹೊಡೆಯುತ್ತಿದ್ದರು. ಕತ್ತರಿಸಿ ತಳ್ಳಿದ ಮರ ಸಿಕ್ಕಿತು. ಸೇತುವೆಯ ಹತ್ತಿರ ಇಳಿದು ಒಂದೊಂದು ದಿಮ್ಮಿಯನ್ನೂ ಕೋಲಿನಿಂದ ಕುಟ್ಟಿ ನೋಡಿ, ದಾಟಿದೆ. ಬಂಡೆಯ ಮೇಲೆ ಬಂದಾಗ ಎಂಜಿನ್ನಿನ ಸದ್ದು ಬದಲಾಗುತ್ತದಲ್ಲ, ಅದನ್ನು ಕೇಳಿ ಒಬ್ಬಳೇ ಜೋರಾಗಿ ನಕ್ಕೆ. ಅಷ್ಟು ಸಂತೋಷ ನನಗೆ ಆಗಿ ವರ್ಷಗಳಾಗಿತ್ತು.

ಬಂಡೆ ಮುಗಿದು ಮತ್ತೆ ಮಣ್ಣು ಶುರುವಾಗುವ ಕೊನೆಯ ತಿರುವಿನಲ್ಲಿ ಕಂದಕ. ಇಳಿದು ಅಂಚಿಗೆ ಹೋಗಿ ನಿಂತೆ. ಆಳ ಎರಡಾಳು, ಅಡ್ಡಕ್ಕೆ ಎಮ್ಮೆಯಷ್ಟು. ಅಚ್ಚುಕಟ್ಟಾದ ಕೆಲಸ, ಗೋಡೆ ನೆಟ್ಟಗಿದೆ. ಅಂಚಿನ ಮಣ್ಣಿನಲ್ಲಿ ಹುಲ್ಲು ಬೆರಳುದ್ದ ಬೆಳೆದಿತ್ತು. ಶನಿವಾರ ಅಗೆದ ಮಣ್ಣಿನಲ್ಲಿ ಭಾನುವಾರ ಅಷ್ಟು ಹುಲ್ಲು ಬರುವುದನ್ನು ನಾನಂತೂ ಎಲ್ಲೂ ನೋಡಿಲ್ಲ.

ಆಚೆ ಬದಿಯಲ್ಲಿ, ನೆತ್ತಿಯ ಕೆಳಗೆ, ಮಣ್ಣು ಅಗೆಯುವ ಯಂತ್ರವೊಂದು ನಿಂತಿತ್ತು. ಅದರ ಕ್ಯಾಬಿನ್ನಿನೊಳಗೆ ಒಬ್ಬ ಕೂತಿದ್ದ. ಕೆಂಪು ಸ್ವೆಟರ್, ಎಡತೋಳು ಮಡಿಸಿತ್ತು.

ಜೀಪಿಗೆ ಹೋಗಿ ಎರಡು ಚಿಕ್ಕ ಹಾರ್ನ್ ಹೊಡೆದೆ. ಎಮ್ಮೆಯ ಗಂಟಲನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಅವನು ತಲೆ ತಗ್ಗಿಸಿದ. ಕಾದೆ. ಮತ್ತೆ ಎರಡು ಹೊಡೆದೆ. ಅವನ ಕೈ ಮುಂದಕ್ಕೆ ಬಂದು ಅಲ್ಲೇ ನಿಂತಿತು. ಉತ್ತರ ಬರಲಿಲ್ಲ.

ಬಾನೆಟ್ಟಿನ ಮೇಲೆ ಕೂತು ತಂದಿದ್ದ ನೀರಿನ ಬಾಟಲಿಯನ್ನು ಪೂರ್ತಿ ಕುಡಿದೆ. ಗುಟುಕು ಗುಟುಕಾಗಿ ಅಳೆದು ಕುಡಿದು ಸಾಕಾಗಿತ್ತು. ಸ್ವಲ್ಪ ಹೊತ್ತು ಅತ್ತುಬಿಟ್ಟೆ ಕೂಡ. ಆಮೇಲೆ ಆ ಇಕ್ಕಟ್ಟಿನಲ್ಲಿ ಹಿಂದೆ ಮುಂದೆ ಮಾಡಿ ಎಮ್ಮೆಯನ್ನು ತಿರುಗಿಸಿಕೊಂಡು ಇಳಿದೆ.

ವಾಪಸ್ಸು ಬಂದ ಮೇಲೆ, ನನ್ನ ತಮ್ಮನಿಗೆ ಏನು ಹೇಳಿದ್ದಿರಿ ಎಂದು ಡಾಕ್ಟರನ್ನು ನೇರವಾಗಿ ಕೇಳಿದೆ. "ನಿಮ್ಮ ತಮ್ಮನಿಗೆ ಜನವರಿಯಲ್ಲೇ ಹೇಳಿದ್ದೆನಲ್ಲಮ್ಮಾ, ಬೇಸಿಗೆ ದಾಟೋದು ಕಷ್ಟ ಅಂತ" ಎಂದರು. ನನಗೂ ಹಾಗೇ ಹೇಳಿದ್ದರು, ನಿನಗೆ ತಿಳಿಯದಿರಲಿ ಎಂದು ನಾನು ಬಾಯಿ ಬಿಟ್ಟಿರಲಿಲ್ಲ. ಈಗ ಅನ್ನಿಸುತ್ತದೆ, ಕೆಂಪು ಗೆರೆ ಹದಿನಾಲ್ಕಕ್ಕೂ ಬಂದ ದಿನ, ಇದರಲ್ಲಿ ಇನ್ನು ಬರುವವರು ಯಾರು ಎಂದುಕೊಂಡೇ ಯಾರೋ ಅದನ್ನು ಅಗೆದಿರಬೇಕು. ಅವನ ಲೆಕ್ಕ ಹೆಚ್ಚೇನೂ ತಪ್ಪಲಿಲ್ಲ. ಆದರೆ ನಾನು ಇನ್ನೂ ಇದ್ದೆ.

ಸೋಮವಾರದಿಂದ ಕುರ್ಚಿಗೆ ಹೋಗುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದೇನೆ. ದೊಡ್ಡ ಸಿಸ್ಟರ್ ಮನೆಗೆ ಬಂದು ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ನೀನು ಹೊರಟು ಬರಬೇಡ. ಬಂದರೂ ಮಾತಾಡುವುದು ಏನೂ ಉಳಿದಿಲ್ಲ. ಎಮ್ಮೆಯ ಕೀಲಿಯನ್ನು ರೇಡಿಯೋ ಕೈಯಲ್ಲಿ ಕೊಟ್ಟಿದ್ದೇನೆ, ಈ ಸಲ ಸೀಟಿನಡಿ ಹಾಕಬೇಡ ಎಂದು ತಮಾಷೆ ಮಾಡಿದೆ. ಅವನಿಗೆ ಅರ್ಥವಾಗಲಿಲ್ಲ. "ನಾನ್ಯಾವತ್ತು ಹಾಕಿದ್ದೆ ಅಕ್ಕಾ?" ಎಂದ.

ಆ ಕ್ಯಾಬಿನ್ನಿನವನನ್ನು ನೋಡಿ ಮೊದಲು ನೀನೇ ಎಂದುಕೊಂಡಿದ್ದೆ. ಇಳಿಯುವಾಗ ದಾರಿಯುದ್ದಕ್ಕೂ ನಿನ್ನನ್ನು ಬೈದುಕೊಂಡೆ. ಆಮೇಲೆ ನಿನ್ನ ಕಾಗದ ಬಂತು, ನೀನು ಪೇಟೆಗೆ ಹೋಗಿದ್ದೆ ಎಂದು. ಹಾಗಾದರೆ ಅವನು ಬೇರೆ ಯಾರೋ. ಸ್ವೆಟರಿನ ತೋಳು ಯಾರದು ಬೇಕಾದರೂ ಉದ್ದವಾಗಬಹುದು. ನೀನು ಹೇಳಿದ್ದನ್ನೇ ನಾನು ಇಟ್ಟುಕೊಂಡಿದ್ದೇನೆ, ಇನ್ನು ಅದನ್ನು ಬದಲಾಯಿಸಿ ಬರೆಯಬೇಡ.

ಎರಡು ಸಲ ಹಾರ್ನ್ ಹೊಡೆದೆ, ಕೇಳಿಸುವಷ್ಟು ಹತ್ತಿರದಿಂದ. ನನ್ನ ತಮ್ಮನಾಗಿದ್ದರೆ ಉತ್ತರ ಕೊಡುತ್ತಿದ್ದ.

ಅಕ್ಕ